ಥೋರೋನ ಬಟ್ಟೆ ಒಗೆದವರು ಯಾರು?

ಅಮೆರಿಕದ ಹೆನ್ರಿ ಡೇವಿಡ್ ಥೋರೋನ ಮಾತೆತ್ತಿದೊಡನೆ ನಮ್ಮ ಗೋಷ್ಠಿಗಳಲ್ಲಿ ಒಬ್ಬರಾದರೂ ಮಹನೀಯರು ಎದ್ದು ಕೇಳುವುದುಂಟು: "ಸ್ವಾಮಿ, ವಾಲ್ಡನ್ ಕೊಳದ ಈ ಋಷಿಯ ಬಟ್ಟೆ ಒಗೆದವರು ಯಾರು? ಅವನ ತಾಯಿಯಲ್ಲವೆ?" ಸಭೆ ನಗುತ್ತದೆ. ಸರಳ ಜೀವನದ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತೆಂದು ಎಲ್ಲರೂ ಕಾಫಿಗೆ ಏಳುತ್ತಾರೆ.

ಈ ನಗೆ ನನಗೆ ಸೇರದು. 1845ರಿಂದ 1847ರವರೆಗೆ ಆ ಕೊಳದ ದಡದಲ್ಲಿದ್ದಾಗ ಥೋರೋ ತಾನು ಋಷಿಯೆಂದು ಸಾರಿಕೊಂಡವನಲ್ಲ. ಅವನ ಗುಡಿಸಲಿನಿಂದ ಕಾಂಕರ್ಡ್ ಊರು ಒಂದೂವರೆ ಮೈಲಿ. ಕೊಳದ ಅಂಚಿನಲ್ಲೇ ರೈಲು. ಊರಿಗೆ ಹೋಗಿ ಹರಟೆ ಕೇಳಿದ್ದನ್ನೂ ಹೊರಗೆ ಉಂಡದ್ದನ್ನೂ ಅವನೇ ಬರೆದಿದ್ದಾನೆ. ಗುಡಿಸಲಿಗೆ ತಗುಲಿದ್ದು 28 ಡಾಲರ್ 12½ ಸೆಂಟ್. ಸೀಮೆಸುಣ್ಣದ 1 ಸೆಂಟನ್ನೂ ಬಿಟ್ಟಿಲ್ಲ. ಅದೇ ಲೆಕ್ಕದ ಕೊನೆಗೆ, ಒಗೆತ ಹೊಲಿಗೆಗಳು ಬಹುಮಟ್ಟಿಗೆ ಹೊರಗಾದವು, ಅವುಗಳ ಬಿಲ್ಲು ಇನ್ನೂ ಬಂದಿಲ್ಲವೆಂದೂ ಕಾಣಿಸಿದ್ದಾನೆ. 1854ರಲ್ಲಿ ಅಚ್ಚಾದ ಮಾತನ್ನು ನಮ್ಮ ವಿಮರ್ಶಕರು ಗುಟ್ಟು ರಟ್ಟುಮಾಡಿದಂತೆ ಹೇಳುತ್ತಾರೆ!

ಆ ಬಿಲ್ಲು ಬರಲೇ ಇಲ್ಲ, ಹೆಂಗಸರ ದುಡಿಮೆ ಲೆಕ್ಕಕ್ಕೆ ಸೇರಲಿಲ್ಲ ಎಂಬುದಾದರೆ, ಆ ಆಕ್ಷೇಪಣೆಗೆ ತೂಕವಿದೆ. ಆದರೆ ಅದನ್ನು ಎತ್ತುವವರು ತಮ್ಮ ಮನೆಯ ಬಟ್ಟೆ ಯಾರ ಕೈಯಲ್ಲಿ ಬೆಳ್ಳಗಾಗುತ್ತದೆಂಬುದನ್ನೂ ಒಂದು ಚೀಟಿಯಲ್ಲಿ ಬರೆದು ತರಲಿ.

ಅವನನ್ನು ಹೊಗಳುವವರು ಇನ್ನೂ ಮೇಲು. ಕಾಫಿತೋಟದ ನಡುವೆ, ದಿನಕ್ಕೆ ಸಾವಿರಾರು ರೂಪಾಯಿ ಬಾಡಿಗೆಯ ಮಣ್ಣಿನ ಮನೆಯಲ್ಲಿ ಎರಡು ರಾತ್ರಿ ಮಲಗಿ ಸರಳತೆಯನ್ನು ಕಂಡು ಬರುತ್ತಾರೆ. ಥೋರೋ ಕೇಳಿದ್ದು, ಈ ವಸ್ತುವಿಗಾಗಿ ನನ್ನ ಆಯುಷ್ಯದ ಎಷ್ಟು ದಿನ ಕೊಡಬೇಕು ಎಂದು. ವರ್ಷದಲ್ಲಿ ಸುಮಾರು ಆರು ವಾರ ದುಡಿದರೆ ತನ್ನ ಖರ್ಚು ನಡೆಯುತ್ತದೆಂದು ಕಂಡುಕೊಂಡ. ಉಳಿದ ಕಾಲವನ್ನು ಅವನು ಮಲಗಿ ಕಳೆದನೆ? ಕೊಳದ ಆಳ ಅಳೆದ, ಇರುವೆಗಳ ಕಾಳಗ ನೋಡಿದ. "ವಾಲ್ಡನ್" ಕೃತಿಯನ್ನು ಏಳು ಸಲ ತಿದ್ದಿ ಬರೆದ. ಓದುವಾಗ ನೀರಿನಂತೆ ಹರಿಯುವ ಆ ಗದ್ಯದ ಹಿಂದೆ ಅಷ್ಟು ವರ್ಷಗಳಿವೆ. ಬಿಡುವು ಸಾಲದೆ ಬರೆಯಲಾಗಲಿಲ್ಲವೆನ್ನುವ ನಮ್ಮ ಸಾಹಿತಿಗಳು ಈ ಲೆಕ್ಕವನ್ನು ಮಾತ್ರ ಕೇಳುವುದಿಲ್ಲ.

ಕೀರ್ತಿಯ ಲೆಕ್ಕವನ್ನೂ ಅವನು ಹೀಗೆಯೇ ಇಟ್ಟ. 1849ರಲ್ಲಿ ಬಂದ ಅವನ ಮೊದಲ ಪುಸ್ತಕದ 1000 ಪ್ರತಿಗಳಲ್ಲಿ 706 ಪ್ರತಿಗಳು 1853ರಲ್ಲಿ ಹಾಗೆಯೇ ಹಿಂತಿರುಗಿದವು. ಅವನ್ನು ಬೆನ್ನ ಮೇಲೆ ಹೊತ್ತು ಎರಡು ಮಹಡಿ ಏರಿಸಿದ. ಅಂದು ರಾತ್ರಿ ಆ ರಾಶಿಯ ಪಕ್ಕದಲ್ಲೇ ಕುಳಿತು ದಿನಚರಿ ಬರೆದ.