ಹಳೆಯ ಕಾರು, ಹೊಸ ಬಿಡಿಭಾಗ: ಜೀರ್ಣೋದ್ಧಾರದ ಮೇರೆ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳು ಒಂದೊಂದಾಗಿ ಉರುಳಿ, ಆ ನಿವೇಶನಗಳಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿರುವ ಕಾಲವಿದು. ಮನೆಯೊಡನೆ ಹಿತ್ತಲಿನ ಷೆಡ್ಡೂ ಉರುಳುತ್ತದೆ. ಅಲ್ಲಿ ದಶಕಗಳಿಂದ ಧೂಳು ಹೊದ್ದು ನಿಂತಿದ್ದ ಮಾರಿಸ್ ಮೈನರ್, ಆಸ್ಟಿನ್, ಫಿಯಟ್ ಕಾರುಗಳು ಬೆಳಕಿಗೆ ಬರುತ್ತವೆ. ಹಲವು ಗುಜರಿಯ ಪಾಲಾಗುತ್ತವೆ. ಕೆಲವು ಮಾತ್ರ, ‘ಅಜ್ಜನ ಕಾರನ್ನು ಮತ್ತೆ ಓಡಿಸಬೇಕು’ ಎಂಬ ಹಂಬಲವುಳ್ಳ ಮೊಮ್ಮಕ್ಕಳ ಕೈ ಸೇರುತ್ತವೆ. ಇದು ಮೆಚ್ಚತಕ್ಕ ಹಂಬಲ. ಆದರೆ ಓಡಿಸುವುದಕ್ಕಾಗಿ ಎಷ್ಟನ್ನು ಬದಲಾಯಿಸಬಹುದು ಎಂಬ ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ.

ಚಾಮರಾಜಪೇಟೆಯ ಪರಿಚಿತರ ಮನೆಯೊಂದರಲ್ಲಿ ಇಂತಹದೇ ವಾದ ನಡೆದಿದೆ. ಅಲ್ಲಿರುವುದು ಲ್ಯಾಂಡ್‌ಮಾಸ್ಟರ್, 1950ರ ದಶಕದಲ್ಲಿ ಹಿಂದೂಸ್ತಾನ್ ಮೋಟರ್ಸ್ ತಯಾರಿಸಿದ, ಅಂಬಾಸಿಡರ್‌ಗಿಂತ ಮುಂಚಿನ, ಇಂದು ಅಪರೂಪವಾದ ಕಾರು. ಹಿರಿಯ ಸಹೋದರರು, ‘ಹೊಸ ಇಂಜಿನ್, ಪವರ್ ಸ್ಟೀರಿಂಗ್, ಏಸಿ ಹಾಕಿಸೋಣ, ಮೇಲಿನ ಮೈ ಮಾತ್ರ ಹಳೆಯದಿದ್ದರೆ ಸಾಕು’ ಎನ್ನುತ್ತಾರೆ. ಕಿರಿಯರು, ‘ಅಪ್ಪಾಜಿ ಮುಟ್ಟಿದ ಒಂದು ಸ್ಕ್ರೂವನ್ನೂ ಬದಲಿಸಕೂಡದು’ ಎನ್ನುತ್ತಾರೆ. ವೃದ್ಧ ತಾಯಿಯವರು, ‘ನೀವು ಹೀಗೇ ವಾದ ಮಾಡುತ್ತಿರಿ ಮಕ್ಕಳಾ, ಅಷ್ಟರಲ್ಲಿ ಇಲಿಗಳು ಸೀಟನ್ನು ಪೂರ್ತಿ ತಿಂದಿರುತ್ತವೆ’ ಎಂದರಂತೆ. ಮೂವರ ಮಾತಿನಲ್ಲಿಯೂ ಅವರವರ ಪಾಲಿನ ಸತ್ಯವಿದೆ.

ಓಲೆಗರಿಗಳ ನಡುವೆ ಬೆಳೆದ ನನಗೆ ಇದು ಅಪರಿಚಿತ ಸಮಸ್ಯೆಯಲ್ಲ. ಹುಳು ತಿಂದ ಗರಿಯಲ್ಲಿ ನಾಲ್ಕು ಅಕ್ಷರ ಲೋಪವಾಗಿದ್ದರೆ ಸಂಪಾದಕನು ಊಹಿಸಿ ತುಂಬುತ್ತಾನೆ. ತುಂಬದಿದ್ದರೆ ಅರ್ಥ ನಡೆಯದು. ಆದರೆ ತಾನು ತುಂಬಿದ್ದನ್ನು ಕಂಸದೊಳಗೆ ಇರಿಸುತ್ತಾನೆ, ಮೂಲದ ಗರಿಯನ್ನು ಎಸೆಯುವುದಿಲ್ಲ. ಮುಂದೆ ಉತ್ತಮ ಪ್ರತಿ ದೊರೆತರೆ ತನ್ನ ಊಹೆಯನ್ನು ತೆಗೆದುಹಾಕಲು ದಾರಿ ಬಿಟ್ಟಿರುತ್ತಾನೆ. ಕಂಸವಿಲ್ಲದೆ ತುಂಬುವವನು ಗ್ರಂಥವನ್ನು ಉಳಿಸುವವನಲ್ಲ, ಕೆಡಿಸುವವನು.

ಹಳೆಯ ವಾಹನಗಳ ವಿಷಯದಲ್ಲಿಯೂ ಲೋಕದ ಬಲ್ಲವರು ಇದೇ ನಿರ್ಣಯಕ್ಕೆ ಬಂದಿದ್ದಾರೆ. ಇಂತಹ ವಾಹನಪ್ರಿಯರ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫೀವಾ’ 2012ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಒಂದು ಸನ್ನದನ್ನು ಅಂಗೀಕರಿಸಿತು. ಸುರಕ್ಷತೆಗಾಗಿ ಮಾರ್ಪಾಡು ಅನಿವಾರ್ಯವಾದರೆ ಅದು ಮತ್ತೆ ತೆಗೆಯಬಲ್ಲಂತಿರಬೇಕು. ಬಿಚ್ಚಿದ ಮುಖ್ಯ ಮೂಲಭಾಗಗಳನ್ನು ವಾಹನದೊಡನೆಯೇ ಕಾಪಾಡಬೇಕು. ಮಾಡಿದ ಕೆಲಸಕ್ಕೆ ದಾಖಲೆ ಇರಬೇಕು. ಇದು ಅದರ ಆಶಯ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಕೆಲವು ಬದಲಾವಣೆಗಳು ಕೇವಲ ಅನುಮತಿಸತಕ್ಕವಲ್ಲ, ಅಗತ್ಯವೇ ಆಗಿವೆ. ಆ ಕಾಲದ ಬಹುತೇಕ ಕಾರುಗಳಲ್ಲಿ ಬ್ರೇಕ್ ಎಣ್ಣೆಯು ಒಂದೇ ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರಗಳಿಗೆ ಒಂದೇ ಮಾರ್ಗದಲ್ಲಿ ಹರಿಯುತ್ತದೆ. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕ್ ನಿಷ್ಫಲ. ಇಂದಿನ ಜೆ.ಸಿ. ರಸ್ತೆಯ ದಟ್ಟಣೆಯಲ್ಲಿ ಅದರ ಪರಿಣಾಮವನ್ನು ಹೇಳಬೇಕಾಗಿಲ್ಲ. ಎರಡು ಕೋಣೆಗಳ ಸಿಲಿಂಡರನ್ನು ಅಳವಡಿಸಿ ಮುಂದಿನ ಮತ್ತು ಹಿಂದಿನ ಚಕ್ರಗಳ ಮಾರ್ಗಗಳನ್ನು ಬೇರ್ಪಡಿಸಿದರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಪೆಟ್ರೋಲಿನ ರಬ್ಬರ್ ಕೊಳವೆಗಳದೂ ಹಾಗೆಯೇ. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯ ಭಯ. ಎಥನಾಲನ್ನು ತಡೆಯುವ ಹೊಸ ಕೊಳವೆ ಹಾಕಿಸುವುದು ವಿವೇಕ. ಡೈನಮೋದ ಸ್ಥಾನದಲ್ಲಿ ಆಲ್ಟರ್ನೇಟರ್ ಬಂದರೆ ರಾತ್ರಿಯ ದೀಪ ಮಂಕಾಗದು. ಬೇಡವೆಂದಾಗ ಬಿಚ್ಚಿ ಹಳೆಯದನ್ನೇ ಕೂರಿಸಬಹುದು.

ಇಂಜಿನ್, ಚಾಸಿ, ಮೈಕಟ್ಟುಗಳ ಮಾತು ಬೇರೆ. ‘ಕಂಪನಿಯವರೇ 1990ರ ದಶಕದಲ್ಲಿ ಅಂಬಾಸಿಡರ್‌ಗೆ ಜಪಾನಿನ ಇಸುಜು ಇಂಜಿನ್ ಕೂರಿಸಲಿಲ್ಲವೇ?’ ಎಂದು ಹಿರಿಯ ಸಹೋದರರು ಕೇಳಬಹುದು. ಕೂರಿಸಿದರು, ನಿಜ. ಆದರೆ ಅದು ತಯಾರಾಗುತ್ತಿದ್ದ ಹೊಸ ಕಾರಿಗೆ, ತಯಾರಕರೇ ಮಾಡಿದ ಬದಲಾವಣೆ. ಷೆಡ್ಡಿನಲ್ಲಿರುವ ಲ್ಯಾಂಡ್‌ಮಾಸ್ಟರ್‌ಗೆ ಅದೇ ಇಂಜಿನ್ ಹಾಕಿದರೆ ಅದು ಲ್ಯಾಂಡ್‌ಮಾಸ್ಟರ್ ಆಗಿ ಉಳಿಯದು, ಅಂಬಾಸಿಡರ್ ಆಗಿಯೂ ಬೆಳೆಯದು. ಸವೆದ ಇಂಜಿನ್ನಿಗೆ ಬೇರೆ ದಾರಿಯಿದೆ: ಸಿಲಿಂಡರುಗಳನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗುಗಳನ್ನು ಹಾಕಿಸಿದರೆ ಅದೇ ಇಂಜಿನ್ ಇನ್ನೊಂದು ಆಯುಷ್ಯ ಪಡೆಯುತ್ತದೆ.

ಕಾನೂನೂ ಇದೇ ಕಡೆ ನಿಂತಿದೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ದೃಢಪಡಿಸಿತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನವು ‘ವಿಂಟೇಜ್’ ಎಂಬ ಮನ್ನಣೆಗೂ ‘ವಿಎ’ ಅಕ್ಷರಗಳುಳ್ಳ ಸಂಖ್ಯೆಗೂ ಅರ್ಹ. ಆದರೆ ಅದು ಮೂಲರೂಪದಲ್ಲಿರಬೇಕು; ಚಾಸಿ, ಮೈಕಟ್ಟು, ಇಂಜಿನ್ನುಗಳಲ್ಲಿ ಮಾರ್ಪಾಡು ಆಗಿರಕೂಡದು. ಈ ಸಂಖ್ಯೆ ಪಡೆದ ಕಾರನ್ನು ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗೆ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ಇಂಜಿನ್ ಬಿಚ್ಚಿ ಗುಜರಿಗೆ ಕೊಟ್ಟ ದಿನವೇ ಈ ಮನ್ನಣೆಯನ್ನೂ ಕೊಟ್ಟಂತಾಯಿತು.

ಕಿರಿಯ ಸಹೋದರರಿಗೂ ಒಂದು ಮಾತು. ಮುಟ್ಟದೆ ಇರಿಸಿದ ಮಾತ್ರಕ್ಕೆ ವಸ್ತು ಉಳಿಯುವುದಿಲ್ಲ. ನಿಂತ ಕಾರಿಗೆ ತುಕ್ಕೇ ಶತ್ರು. ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳನ್ನು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ನೋಡಬಹುದು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತೋರಿಸಿ; ಹಳೆಯ ಕಾರಿಗೆ ಎಂತಹ ಆರೈಕೆ ಬೇಕೆಂಬುದು ಅವರ ಮನಸ್ಸಿಗೆ ನಾಟುತ್ತದೆ.

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿ ಇಂತಹ ಕಾರು ಇದ್ದರೆ ಕೆಲಸಕ್ಕೆ ಮೊದಲು ಎಲ್ಲ ಕಡೆಯಿಂದ ಛಾಯಾಚಿತ್ರ ತೆಗೆಸಿರಿ. ಒಂದು ನೋಟ್‌ಬುಕ್ ಇಟ್ಟು, ಏನನ್ನು, ಯಾವ ದಿನ, ಏಕೆ ಬದಲಿಸಿದಿರಿ ಎಂದು ಬರೆಯಿರಿ. ಮೆಕ್ಯಾನಿಕ್‌ನ ಹೆಸರನ್ನೂ ಬರೆಯಿರಿ. ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ, ಎಣ್ಣೆ ಸವರಿ, ಟ್ರಂಕಿನಲ್ಲಿಡಿರಿ. ನಾವು ಹಾಕಿದ ಕಂಸ ಅದು. ನಿಮ್ಮ ಮೊಮ್ಮಗನು ಅದನ್ನು ತೆರೆದು, ಅಜ್ಜನ ಕಾರು ಹೇಗಿತ್ತೆಂಬುದನ್ನು ತಾನೇ ಓದಿಕೊಳ್ಳಲಿ.