ಮುಕ್ತ ಅಂದ್ರೆ ಬಿಟ್ಟಿ ಅಲ್ಲ ಸ್ವಾಮೀ!

"ಮೈಎಸ್‌ಕ್ಯೂಎಲ್ ಓಪನ್ ಸೋರ್ಸ್ ತಾನೇ? ಮತ್ತೆ ಲೈಸೆನ್ಸ್‌ಗೆ ಯಾಕ್ರೀ ದುಡ್ಡು?"

ನಮ್ಮ ಸಾಫ್ಟ್‌ವೇರ್ ಮಂದಿಯ ಬಾಯಲ್ಲಿ ಈ ಪ್ರಶ್ನೆ ಆಗಾಗ ಕೇಳುತ್ತಿರುತ್ತೇನೆ. ಸಿಗುವ ಉತ್ತರಗಳು ಎರಡು. "ಎಲ್ಲಾ ಫ್ರೀ, ಸುಮ್ನೆ ಹಾಕ್ಕೊಳ್ಳಿ" ಅನ್ನುವವರು ಕೆಲವರು. "ದುಡ್ಡು ಮಾಡೋ ಕಂಪನಿ ಅಂದ್ಮೇಲೆ ಲೈಸೆನ್ಸ್ ಕೊಳ್ಳಲೇಬೇಕು" ಎಂದು ಹೆದರಿಸುವವರು ಇನ್ನು ಕೆಲವರು. ನನ್ನ ಪ್ರಕಾರ ಇಬ್ಬರು ಹೇಳುವುದೂ ತಪ್ಪು.

ಮೈಎಸ್‌ಕ್ಯೂಎಲ್‌ನ ಉಚಿತ ಆವೃತ್ತಿ ನಮಗೆ ಸಿಗುವುದು ಜಿಪಿಎಲ್ ಎರಡನೇ ಆವೃತ್ತಿಯ ಅಡಿಯಲ್ಲಿ. 1991ರ ಈ ಲೈಸೆನ್ಸ್ ನಿಮಗೆ ಲಾಭ ಬರುತ್ತದೋ ಇಲ್ಲವೋ ಎಂದು ಕೇಳುವುದೇ ಇಲ್ಲ. ಅದು ಕೇಳುವುದು ಇಷ್ಟೇ: ತಂತ್ರಾಂಶವನ್ನು ಇನ್ನೊಬ್ಬರ ಕೈಗೆ ಕೊಡ್ತೀರಾ?

ಕೊಡದಿದ್ದರೆ ನಿಶ್ಚಿಂತೆ. ನಿಮ್ಮ ಸರ್ವರ್‌ನಲ್ಲೇ ಮೈಎಸ್‌ಕ್ಯೂಎಲ್ ಇಟ್ಟುಕೊಂಡು ವೆಬ್‌ಸೈಟ್ ನಡೆಸಿ, ಕೋಟಿ ಸಂಪಾದಿಸಿ, ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ.

ಈಗ ಇನ್ನೊಂದು ಉದಾಹರಣೆ ನೋಡಿ. ಹತ್ತು ಜನರ ಒಂದು ಸಣ್ಣ ಕಂಪನಿ ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ತಂತ್ರಾಂಶ ಬರೆದು ಮಾರುತ್ತದೆ ಅಂದುಕೊಳ್ಳಿ. ಮೈಎಸ್‌ಕ್ಯೂಎಲ್‌ನ ಕ್ಲೈಂಟ್ ಲೈಬ್ರರಿಯನ್ನು ತನ್ನ ಪ್ರೋಗ್ರಾಮಿಗೆ ಜೋಡಿಸಿ, ಎಲ್ಲವನ್ನೂ ಅಂಗಡಿಯ ಕಂಪ್ಯೂಟರಿಗೆ ಹಾಕಿಕೊಡುತ್ತದೆ. ಆ ಲೈಬ್ರರಿಯೂ ಜಿಪಿಎಲ್. ಅದನ್ನು ಒಳಗಿಟ್ಟುಕೊಂಡ ನಿಮ್ಮ ಪ್ರೋಗ್ರಾಮನ್ನೂ ಜಿಪಿಎಲ್ ಅಡಿಯಲ್ಲೇ, ಕೊಂಡವರಿಗೆ ಸೋರ್ಸ್ ಕೋಡ್ ಸಿಗುವಂತೆ ಕೊಡಿ ಅನ್ನುವುದು ಷರತ್ತು. ಕೊಡಲು ಮನಸ್ಸಿಲ್ಲವೇ? ಹಾಗಾದರೆ ಒರಾಕಲ್‌ನಿಂದ ವಾಣಿಜ್ಯ ಲೈಸೆನ್ಸ್ ಕೊಳ್ಳಿ.

ಒಂದೇ ಕೋಡ್‌ಗೆ ಎರಡು ಲೈಸೆನ್ಸ್ ಹೇಗೆ ಅಂತೀರಾ? ಗುಟ್ಟು ಇರುವುದು ಕಾಪಿರೈಟ್‌ನಲ್ಲಿ. ಸ್ವೀಡನ್ನಿನ ಮೈಎಸ್‌ಕ್ಯೂಎಲ್ ಎಬಿ ಕಂಪನಿಯ ಕೈಯಲ್ಲಿದ್ದ ಹಕ್ಕು 2008ರಲ್ಲಿ ಸನ್‌ಗೆ, 2010ರಲ್ಲಿ ಒರಾಕಲ್‌ಗೆ ಹೋಯಿತು. ಹಕ್ಕುದಾರ ಮಾತ್ರ ಒಂದೇ ಮಾಲನ್ನು ಎರಡು ಷರತ್ತಿನಲ್ಲಿ ಕೊಡಬಲ್ಲ. ಮೈಎಸ್‌ಕ್ಯೂಎಲ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಮಾಂಟಿ ವಿಡೇನಿಯಸ್ 2009ರಲ್ಲಿ ಅದರಿಂದಲೇ ಕವಲೊಡೆಸಿದ ಮರಿಯಾಡಿಬಿ ಇವತ್ತಿಗೂ ಜಿಪಿಎಲ್‌ನಲ್ಲೇ ಇರಬೇಕಾಗಿರುವುದು ಇದಕ್ಕೇ. ಹಳೆಯ ಕೋಡ್‌ನ ಹಕ್ಕು ಅವರ ಬಳಿ ಇಲ್ಲ!

ನನಗೆ ಇದರಲ್ಲಿ ಮೋಸವೇನೂ ಕಾಣುವುದಿಲ್ಲ. "ನಾನು ಹಂಚಿದೆ, ನೀನೂ ಹಂಚು, ಇಲ್ಲವಾದರೆ ದುಡ್ಡು ಕೊಡು." ನ್ಯಾಯವಾದ ಮಾತೇ ತಾನೇ? ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ನಮ್ಮ ಬುದ್ಧಿಗೆ ಮಾತ್ರ ಇದು ಕಹಿ :-)

ನನಗೆ ನಿಜವಾಗಿ ಚಿಂತೆಯಾಗುವುದು ಆ ಹತ್ತು ಜನರ ಕಂಪನಿಯದ್ದು. ಅವರ ಆಸ್ತಿ ಅಂದರೆ ಅದೊಂದೇ ಕೋಡ್. ನೂರು ಅಂಗಡಿಗೆ ಹಾಕಿಕೊಟ್ಟ ಮೇಲೆ ಲೈಸೆನ್ಸ್ ಓದಿದರೆ ಕೋಡ್ ಬಿಚ್ಚಿಡಬೇಕು, ಇಲ್ಲವೇ ಲೆಕ್ಕದಲ್ಲಿ ಇಲ್ಲದ ದುಡ್ಡು ಹೊಂದಿಸಬೇಕು, ಅದೂ ಆಗದಿದ್ದರೆ ಎಲ್ಲಾ ಕಡೆ ಡೇಟಾಬೇಸ್ ಜೋಡಣೆಯನ್ನೇ ಬದಲಿಸಬೇಕು. ಮೊದಲೇ ಯೋಚಿಸಿದ್ದರೆ ದಾರಿಗಳಿದ್ದವು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಲೈಸೆನ್ಸ್ ಕಾಪಿರೈಟ್ ಸೂಚನೆ ಉಳಿಸಿಕೊಳ್ಳಿ ಅನ್ನುತ್ತದೆ, ನಿಮ್ಮ ಕೋಡ್ ಕೇಳುವುದಿಲ್ಲ. ಮರಿಯಾಡಿಬಿಯ ಸಿ ಕ್ಲೈಂಟ್ ಲೈಬ್ರರಿ ಎಲ್‌ಜಿಪಿಎಲ್‌ನಲ್ಲಿದೆ. ಅದನ್ನು ಜೋಡಿಸಿಕೊಂಡರೂ ನಿಮ್ಮ ಕೋಡ್ ನಿಮ್ಮಲ್ಲೇ ಇಟ್ಟುಕೊಳ್ಳಬಹುದು.

ಇನ್ನೂ ಒಂದು ವಿಷಯ. ಇಂದಿನ ಲೈಸೆನ್ಸ್ ನಾಳೆಯೂ ಇರುತ್ತದೆ ಎಂದು ಕಣ್ಣು ಮುಚ್ಚಿ ನಂಬಬೇಡಿ. ಮೊಂಗೋಡಿಬಿ 2018ರಲ್ಲಿ ಎಜಿಪಿಎಲ್ ಬಿಟ್ಟಿತು. ರೆಡಿಸ್ 2024ರಲ್ಲಿ ಬಿಎಸ್‌ಡಿ ಬಿಟ್ಟಿತು, ವಾಲ್ಕಿ ಎಂಬ ಕವಲು ಹುಟ್ಟಿತು, 2025ರಲ್ಲಿ ರೆಡಿಸ್ ಎಜಿಪಿಎಲ್ ಆಯ್ಕೆಯೊಂದಿಗೆ ವಾಪಸ್ ಬಂತು.. ಹಾಗಾಗಿ ಲೈಸೆನ್ಸ್ ಓದುವಾಗ ಹಕ್ಕು ಒಬ್ಬರದೋ ಹಲವರದೋ ಅದನ್ನೂ ನೋಡಿ.

ಡೇಟಾಬೇಸ್ ಇನ್‌ಸ್ಟಾಲ್ ಮಾಡುವುದು ಮ್ಯಾನೇಜರ್ ಅಲ್ಲ, ವಕೀಲರೂ ಅಲ್ಲ, ನಾವೇ ಎಂಜಿನಿಯರುಗಳು. ಟೇಬಲ್ ಡಿಸೈನ್‌ಗೆ ನಾಲ್ಕು ದಿನ ತಲೆ ಕೆಡಿಸಿಕೊಳ್ಳುವ ನಾವು ಲೈಸೆನ್ಸ್ ಓದಲು ಅರ್ಧ ಗಂಟೆ ಕೊಡಲಾರೆವೇ? ನೀವೇನಂತೀರಿ?