ಕಲಿಯತಕ್ಕ ವಿದ್ಯೆ ಯಾವುದು?
ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿರುವ ತರುಣರು, ಬೆಂಗಳೂರಿನ ಕಂಪನಿಗಳು ಈಗ ಯಾವ ಫ್ರೇಮ್‌ವರ್ಕ್ ಬಲ್ಲವರನ್ನು ಅರಸುತ್ತಿವೆಯೆಂದು ವಿಚಾರಿಸಿ ಅದೊಂದನ್ನೇ ತಮ್ಮ ಸಾಧನೆಯ ಗುರಿಯೆಂದು ಬಗೆಯುವುದು ಸಹಜವೇ ಆದರೂ, ಒಂದು ಕಾಲಕ್ಕೆ ಅಂತರಜಾಲವನ್ನೆಲ್ಲ ವ್ಯಾಪಿಸಿದ್ದ ಅಡೋಬ್ ಫ್ಲ್ಯಾಶ್ 2020ರ ಅಂತ್ಯಕ್ಕೆ ಅಸ್ತಂಗತವಾದುದನ್ನೂ, 1970ರಲ್ಲಿ ಎಡ್ಗರ್ ಕಾಡ್ ಪ್ರತಿಪಾದಿಸಿದ ದತ್ತಾಂಶ ಜೋಡಣೆಯ ತತ್ತ್ವದಿಂದ ಹುಟ್ಟಿದ ಎಸ್‌ಕ್ಯೂಎಲ್ ಭಾಷೆ ಇಂದಿಗೂ ಬ್ಯಾಂಕುಗಳ ಲೆಕ್ಕದಲ್ಲಿ ದುಡಿಯುತ್ತಿರುವುದನ್ನೂ ಒಟ್ಟಿಗೆ ನೋಡಿದವರಿಗೆ ಆಯ್ಕೆಯ ದಾರಿ ಬೇರೆಯಾಗಿಯೇ ತೋರೀತು: ಉಪಕರಣ ಅಳಿದರೂ ಮೂಲತತ್ತ್ವ ಉಳಿಯುತ್ತದೆ. ಉದಾಹರಣೆಗೆ, 10 ಲಕ್ಷ ಗ್ರಾಹಕರ ಪಟ್ಟಿಯಲ್ಲಿ ಒಂದು ಮೊಬೈಲ್ ಸಂಖ್ಯೆಯನ್ನು ಹುಡುಕುವಾಗ, ಇಂಡೆಕ್ಸ್ (ಕ್ರಮವಾಗಿ ಜೋಡಿಸಿದ ಸೂಚಿ) ಇಲ್ಲದಿದ್ದರೆ ಯಂತ್ರವು ಸಾಲುಸಾಲನ್ನೂ ಓದಬೇಕಾಗುತ್ತದೆ. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿಸಲವೂ ಅರ್ಧಕ್ಕೆ ಇಳಿಸುತ್ತ ಹೋದರೆ ಸುಮಾರು 20 ಹೋಲಿಕೆಗಳಲ್ಲಿ ಅದು ಸಿಕ್ಕುತ್ತದೆ. ಇದನ್ನು ಕೈಯಾರೆ ಮಾಡಿ ಕಂಡವನಿಗೆ ಭಾಷೆ ಜಾವಾ ಆದರೇನು, ಪೈಥಾನ್ ಆದರೇನು? ಆದುದರಿಂದ ಒಂದು ಭಾಷೆಯನ್ನು ಆಳವಾಗಿ, ಎಸ್‌ಕ್ಯೂಎಲ್, ಗಿಟ್, ಲಿನಕ್ಸ್ ಕಮಾಂಡುಗಳನ್ನು ದಿನಬಳಕೆಯ ಮಟ್ಟಿಗೆ, ಅನಂತರ (ಬೇಗನೆ ಸಂಬಳ ಬೇಕಾದ ಮನೆಯ ಮಕ್ಕಳಾದರೆ ಇವುಗಳೊಡನೆಯೇ) ಪೇಟೆ ಕೇಳುವ ಫ್ರೇಮ್‌ವರ್ಕೊಂದನ್ನು ಕಲಿಯುವುದು ಲೇಸೆಂದು ನನ್ನ ದೃಢವಾದ ಅಭಿಪ್ರಾಯ. ಸಾಲ ಮಾಡಿ ಓದಿಸುವ ತಂದೆತಾಯಿಯರು ಕೋರ್ಸಿಗೆ ದುಡ್ಡು ಕಟ್ಟುವ ಮುನ್ನ ಅಲ್ಲಿ ಇವನ್ನು ಕಲಿಸುವರೇ ಎಂದು ಅವಶ್ಯವಾಗಿ ಕೇಳತಕ್ಕದ್ದು.